ಎಲ್ಲ ಕಡೆ ಆಳು ಹೆಚ್ಚಿಸಿದರೆ ಕೆಲಸ ಬೇಗ ಮುಗಿಯುತ್ತದೆಯೇ? ಗ್ಯಾಂಟ್, ಸಿಪಿಎಂ, ಪರ್ಟ್ ವಿಧಾನಗಳ ಹೋಲಿಕೆ

ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟಾಗಿದೆ, ಮನೆ ಮಾತ್ರ ಮುಗಿದಿಲ್ಲ. ಆಗ ಕೇಳಿಬರುವ ಸಲಹೆ ಒಂದೇ: "ಎಲ್ಲ ಕಡೆ ಆಳು ಹೆಚ್ಚಿಸಿ." ಹಾಗೆ ಮಾಡಿದರೆ ಖರ್ಚಂತೂ ಹೆಚ್ಚುತ್ತದೆ, ಆದರೆ ಮನೆ ಬೇಗ ಮುಗಿಯುತ್ತದೆ ಎನ್ನುವಂತಿಲ್ಲ. ಏಕೆಂದರೆ ಒಟ್ಟು ಅವಧಿಯನ್ನು ನಿರ್ಧರಿಸುವುದು ಕೆಲವೇ ಕೆಲಸಗಳು.

ಒಂದು ಉದಾಹರಣೆ ನೋಡೋಣ. ಪ್ಲಾಸ್ಟರಿಂಗ್ ಮಾಡಿ, ನೀರುಣಿಸಿ, ಒಣಗಿಸಲು 30 ದಿನ. ಅದೇ ಹೊತ್ತಿನಲ್ಲಿ ಬಡಗಿ ತನ್ನ ಅಂಗಡಿಯಲ್ಲಿ ಬಾಗಿಲು ಮಾಡಲು 20 ದಿನ. ಎರಡೂ ಮುಗಿದ ಮೇಲೆ ಬಾಗಿಲು ಕೂರಿಸಿ ಬಣ್ಣ ಹೊಡೆಯಲು 10 ದಿನ.

ಗ್ಯಾಂಟ್ ಚಾರ್ಟ್

1910ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ ಇದನ್ನು ಜನಪ್ರಿಯಗೊಳಿಸಿದರು. ಪ್ರತಿ ಕೆಲಸಕ್ಕೂ ಕ್ಯಾಲೆಂಡರ್ ಮೇಲೆ ಒಂದು ಪಟ್ಟಿ. ಯಾವ ಕೆಲಸ ಯಾವಾಗ ಶುರು, ಯಾವಾಗ ಮುಗಿತಾಯ ಎಂಬುದು ಯಾರಿಗಾದರೂ ತಿಳಿಯುತ್ತದೆ. ಆದರೆ ಯಾವುದು ಯಾವುದಕ್ಕಾಗಿ ಕಾಯುತ್ತಿದೆ ಎಂಬುದು ಬರೀ ಪಟ್ಟಿಗಳಿಂದ ತಿಳಿಯದು.

ಸಿಪಿಎಂ (ಕ್ರಿಟಿಕಲ್ ಪಾತ್ ಮೆಥಡ್)

1950ರ ದಶಕದ ಕೊನೆಯಲ್ಲಿ ಡುಪಾಂಟ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಗಳು ರೂಪಿಸಿದ ವಿಧಾನ ಇದು. ಒಂದರ ಹಿಂದೊಂದು ಬರುವ ಕೆಲಸಗಳ ಸರಪಳಿಗಳಲ್ಲಿ ಅತಿ ಉದ್ದದ್ದನ್ನು ಇದು ಹುಡುಕುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ಪ್ಲಾಸ್ಟರಿಂಗ್ ಮತ್ತು ಬಣ್ಣ: ಒಟ್ಟು 40 ದಿನ. ಬಡಗಿಗೆ 10 ದಿನ ಬಿಡುವಿದೆ. ಅವನು 8 ದಿನ ತಡ ಮಾಡಿದರೂ ಚಿಂತೆಯಿಲ್ಲ, ಅವನಿಗೆ ಹೆಚ್ಚು ಹಣ ಕೊಟ್ಟು ಅವಸರಪಡಿಸಿದರೂ ಲಾಭವಿಲ್ಲ. ಆದರೆ 15 ದಿನ ತಡವಾದರೆ ಬಾಗಿಲೇ ಉದ್ದದ ಸರಪಳಿಗೆ ಸೇರಿ, ಒಟ್ಟು ಅವಧಿ 45 ದಿನವಾಗುತ್ತದೆ. ಹಾಗಾಗಿ ಈ ಲೆಕ್ಕವನ್ನು ಆಗಾಗ ಮತ್ತೆ ಮಾಡಬೇಕು.

ಪರ್ಟ್

1958ರಲ್ಲಿ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ಇದು ಹುಟ್ಟಿತು. ಹಿಂದೆಂದೂ ಮಾಡಿರದ ಕೆಲಸಕ್ಕೆ ಎಷ್ಟು ದಿನ ಬೇಕೆಂದು ಖಚಿತವಾಗಿ ಹೇಳುವುದು ಕಷ್ಟ. ಅದಕ್ಕೆ ಇಲ್ಲಿ ಮೂರು ಅಂದಾಜುಗಳು: ಎಲ್ಲವೂ ಸರಿಹೋದರೆ, ಸಾಮಾನ್ಯವಾಗಿ, ಎಲ್ಲವೂ ಕೆಟ್ಟರೆ. ಸಾಮಾನ್ಯ ಅಂದಾಜನ್ನು 4ರಿಂದ ಗುಣಿಸಿ, ಉಳಿದೆರಡನ್ನು ಕೂಡಿ, 6ರಿಂದ ಭಾಗಿಸಬೇಕು. ಮಳೆಗಾಲದ ಪ್ಲಾಸ್ಟರಿಂಗ್‌ಗೆ 26, 30, 46 ದಿನ ಎಂದಾದರೆ ಉತ್ತರ 32 ದಿನ. ಅಂದಾಜುಗಳೇ ತಪ್ಪಿದ್ದರೆ ಉತ್ತರವೂ ತಪ್ಪುತ್ತದೆ.

ಯಾವುದನ್ನು ಆರಿಸಬೇಕು?

ನಾಲ್ಕೈದು ಕೆಲಸಗಳಿದ್ದರೆ ಗ್ಯಾಂಟ್ ಚಾರ್ಟ್ ಸಾಕು. ಕೆಲಸಗಳು ಒಂದಕ್ಕೊಂದು ಹೆಣೆದುಕೊಂಡಿದ್ದು, ಅವಧಿ ಗೊತ್ತಿದ್ದರೆ ಸಿಪಿಎಂ. ಅವಧಿಯೇ ಅನಿಶ್ಚಿತವಾಗಿದ್ದರೆ ಪರ್ಟ್. ಮೂರನ್ನೂ ಒಟ್ಟಿಗೆ ಬಳಸಬಹುದು. ಹೆಚ್ಚುವರಿ ಆಳಿಗೆ ಹಣ ಸುರಿಯುವ ಮುನ್ನ ಆ ಕೆಲಸ ಉದ್ದದ ಸರಪಳಿಯಲ್ಲಿದೆಯೇ ಎಂದು ನೋಡಿ. ಇದ್ದರೂ, ಗೋಡೆ ಒಣಗುವ ದಿನಗಳನ್ನು ಆಳು ಹೆಚ್ಚಿಸಿ ಕಡಿಮೆ ಮಾಡಲಾಗದು ಎಂಬುದು ನೆನಪಿರಲಿ.