ತೂಕ ನೋಡಿ ಕೊಡುವ ಮದ್ದು

ತಂಬಾಕಿನ ಪೇಟೆಯಾದ ನಿಪ್ಪಾಣಿಗೆ ತೂಕ ಮತ್ತು ದರದ ಲೆಕ್ಕ ಹೊಸದಲ್ಲ. 1981ರಲ್ಲಿ ಇಲ್ಲಿಯ ಬೆಳೆಗಾರರು ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲೇ ಕುಳಿತಿದ್ದರು. ಅದೇ ಹೆದ್ದಾರಿಯ ತುದಿಯ ಬೆಂಗಳೂರಿನಿಂದ 2013ರಲ್ಲಿ ಬಂದ ಸೋರಿಯಾಸಿಸ್ ಔಷಧವೊಂದಕ್ಕೂ ತೂಕವೇ ಬೆಲೆ ಕಟ್ಟುತ್ತದೆ. ಇಲ್ಲಿ ತೂಗುವುದು ಮಾತ್ರ ರೋಗಿಯನ್ನು.

ಚರ್ಮದ ಮೇಲೆ ಕೆಂಪು ಮಚ್ಚೆಗಳೆದ್ದು ಬೆಳ್ಳಿಯಂಥ ಹೊಟ್ಟು ಉದುರುವ ಈ ರೋಗ ಅಂಟುವಂಥದ್ದಲ್ಲ. ಹಿಂದೆ ವೈದ್ಯರೇ ಇದನ್ನು ಕುಷ್ಠದೊಂದಿಗೆ ಬೆರೆಸಿಬಿಡುತ್ತಿದ್ದರು. 1841ರಲ್ಲಿ ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ ಎರಡನ್ನೂ ಬೇರ್ಪಡಿಸಿದರು. ಜನರ ಮನಸ್ಸಿನಲ್ಲಿ ಅವಿನ್ನೂ ಪೂರ್ತಿ ಬೇರೆಯಾಗಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಈ ರೋಗದ ಸಾಧ್ಯತೆ ಹೆಚ್ಚು ಎಂಬುದು ನಿಪ್ಪಾಣಿಯಂಥ ಊರು ಕೇಳಿಸಿಕೊಳ್ಳಬೇಕಾದ ಮಾತು.

1925ರಲ್ಲಿ ಅಮೆರಿಕದ ಗೋಕರ್‌ಮನ್ ಕಲ್ಲಿದ್ದಲ ಡಾಂಬರು ಬಳಿದು ಅತಿನೇರಳೆ ಕಿರಣ ಹಾಯಿಸುವ ಚಿಕಿತ್ಸೆ ತಂದರು. ಆಮೇಲೆ ಮೆಥೊಟ್ರೆಕ್ಸೇಟ್ ಮಾತ್ರೆ ಬಂತು. ಅಗ್ಗದ ಮಾತ್ರೆ, ವಾರಕ್ಕೊಮ್ಮೆ ಮಾತ್ರ. ತಪ್ಪಿ ದಿನವೂ ನುಂಗಿದರೆ ಜೀವಕ್ಕೇ ಅಪಾಯ. 2003ರಲ್ಲಿ ಅಮೆರಿಕದ ಒಪ್ಪಿಗೆ ಪಡೆದ ಅಲೆಫಾಸೆಪ್ಟ್‌ನಿಂದ ಸೋರಿಯಾಸಿಸ್‌ಗೆ ಜೈವಿಕ ಔಷಧಗಳ ಕಾಲ ಶುರುವಾಯಿತು. ಇವು ಜೀವಕೋಶಗಳಲ್ಲಿ ಬೆಳೆಸುವ ಪ್ರೋಟೀನುಗಳು. ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗುತ್ತವೆ, ಅದಕ್ಕೇ ಸೂಜಿ ಬೇಕು.

ಬೆಂಗಳೂರಿನ ಔಷಧದ ಹೆಸರು ಇಟೊಲಿಜುಮ್ಯಾಬ್. ಕಿರಣ್ ಮಜುಂದಾರ್ ಷಾ 1978ರಲ್ಲಿ ಆರಂಭಿಸಿದ ಬಯೋಕಾನ್, ಕ್ಯೂಬಾದ ಹವಾನಾ ನಗರದ ಸಂಶೋಧನಾ ಕೇಂದ್ರದ ಜೊತೆಗೂಡಿ ಇದನ್ನು ರೂಪಿಸಿತು. ದೇಹದ ರಕ್ಷಣಾ ಕಣಗಳು ತಮ್ಮ ಚರ್ಮದ ಮೇಲೆಯೇ ಎರಗುವುದನ್ನು ಇದು ತಗ್ಗಿಸುತ್ತದೆ. 'ಅಲ್ಜುಮ್ಯಾಬ್' ಎಂಬ ಹೆಸರಿನಲ್ಲಿ ಇದು ಮಾರುಕಟ್ಟೆಗೆ ಬಂತು.

ಲೆಕ್ಕದ ಸ್ವಾರಸ್ಯ ಇಲ್ಲಿದೆ. ಮೈತೂಕದ ಕಿಲೋ ಒಂದಕ್ಕೆ 1.6 ಮಿಲಿಗ್ರಾಂ ಪ್ರಮಾಣ; ಒಂದು ಸೀಸೆಯಲ್ಲಿರುವುದು 25 ಮಿಲಿಗ್ರಾಂ. ಐವತ್ತು ಕಿಲೋದ ರೋಗಿಗೆ 80 ಮಿಲಿಗ್ರಾಂ ಸಾಕು. ಆದರೆ ಮೂರು ಸೀಸೆಯಲ್ಲಿ ಸಿಗುವುದು 75. ಆ ಐದು ಮಿಲಿಗ್ರಾಂಗಾಗಿ ನಾಲ್ಕನೆಯದನ್ನು ಒಡೆಯಬೇಕು, ಉಳಿದದ್ದನ್ನು ಎತ್ತಿಡುವಂತಿಲ್ಲ. 62 ಕಿಲೋದವನಿಗೂ ಅದೇ ನಾಲ್ಕು. ಒಂದು ಕಿಲೋ ಹೆಚ್ಚಿದರೆ, ಲೆಕ್ಕಕ್ಕೆ ಕಟ್ಟುಬಿದ್ದರೆ, ಐದು! ಕೋವಿಡ್ ರೋಗಿಗಳಿಗೂ ಇದನ್ನು ಕೊಡಲು 2020ರಲ್ಲಿ ಅನುಮತಿ ಸಿಕ್ಕಾಗ ಸೀಸೆಯ ಬೆಲೆ 7,950 ರೂಪಾಯಿ ಇತ್ತು. ನಾಲ್ಕಕ್ಕೆ 31,800. ಕೋವಿಡ್‌ಗೆ ಹೆಚ್ಚಿನವರಿಗೆ ಅಷ್ಟರಲ್ಲೇ ಮುಗಿಯುತ್ತಿತ್ತು. ಸೋರಿಯಾಸಿಸ್‌ಗೆ ಹಾಗಲ್ಲ: ಹನ್ನೆರಡು ವಾರ ಎರಡು ವಾರಕ್ಕೊಮ್ಮೆ, ಮುಂದೆ ಇಪ್ಪತ್ತನಾಲ್ಕನೇ ವಾರದವರೆಗೆ ನಾಲ್ಕು ವಾರಕ್ಕೊಮ್ಮೆ. ಆ ದರದಲ್ಲಿ ಒಟ್ಟು ಮೂರು ಲಕ್ಷದ ಆಸುಪಾಸು. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ ಎಣಿಸುವ ಮನೆಗೆ ಇದು ದೂರದ ಮಾತು.

ಎಲ್ಲ ಜೈವಿಕ ಔಷಧಗಳಿಗೂ ತಕ್ಕಡಿ ಬೇಕಿಲ್ಲ. ಅಡಾಲಿಮುಮ್ಯಾಬ್ ವಯಸ್ಕರೆಲ್ಲರಿಗೂ ಒಂದೇ ಅಳತೆ: ಮೊದಲು 80 ಮಿಲಿಗ್ರಾಂ, ವಾರದ ನಂತರ 40, ಆಮೇಲೆ ಎರಡು ವಾರಕ್ಕೊಮ್ಮೆ 40. 2014ರ ಡಿಸೆಂಬರಿನಲ್ಲಿ ಗುಜರಾತಿನ ಝೈಡಸ್ ಕ್ಯಾಡಿಲಾ ಇದರ ಪ್ರತಿರೂಪವನ್ನು ಅಮೆರಿಕದ ಬೆಲೆಯ ಸುಮಾರು ಐದನೇ ಒಂದು ಭಾಗಕ್ಕೆ ಮಾರತೊಡಗಿತು. ಆದರೂ ಯಾವ ಔಷಧವೂ ರೋಗವನ್ನು ಬೇರುಸಹಿತ ಕೀಳುವುದಿಲ್ಲ. ನಿಲ್ಲಿಸಿದ ಮೇಲೆ ಹಲವರಲ್ಲಿ ಮಚ್ಚೆಗಳು ಮರಳುತ್ತವೆ, ಅವುಗಳ ಜೊತೆಗೆ ಸೀಸೆಗಳ ಲೆಕ್ಕವೂ.