ಮಾರಿಷಸ್‌ನಲ್ಲಿ ಶೈಕ್ಷಣಿಕ ಸಂಶೋಧನೆ

ಮಾರಿಷಸ್‌ನಲ್ಲಿ ಶೈಕ್ಷಣಿಕ ಸಂಶೋಧನೆ ಎಂಬುದು ಹಿಂದೂ ಮಹಾಸಾಗರದ ದ್ವೀಪರಾಷ್ಟ್ರವಾದ ಮಾರಿಷಸ್‌ನಲ್ಲಿ ಕೃಷಿ, ಜೀವವಿಜ್ಞಾನ, ಖಗೋಳವಿಜ್ಞಾನ, ಭೂವಿಜ್ಞಾನ, ಇತಿಹಾಸ, ಭಾಷಾವಿಜ್ಞಾನ ಮೊದಲಾದ ಕ್ಷೇತ್ರಗಳಲ್ಲಿ ನಡೆದಿರುವ ವಿದ್ವತ್ ಕಾರ್ಯವನ್ನು ಸೂಚಿಸುತ್ತದೆ. ಮಾರಿಷಸ್‌ನ ವಿಸ್ತೀರ್ಣ ಸುಮಾರು 2,040 ಚದರ ಕಿಲೋಮೀಟರ್. ಜನಸಂಖ್ಯೆ ಹನ್ನೆರಡೂವರೆ ಲಕ್ಷದಷ್ಟು. ವಿಸ್ತೀರ್ಣದಲ್ಲಿ ಕರ್ನಾಟಕದ ಒಂದು ಸಣ್ಣ ಜಿಲ್ಲೆಗೆ ಹೋಲಿಸಬಹುದಾದ ಈ ದೇಶದಲ್ಲಿ ನಡೆದ ಅಧ್ಯಯನಗಳು ಜಗತ್ತಿನ ಹಲವು ಶಾಸ್ತ್ರಗಳ ಮೇಲೆ ಪ್ರಭಾವ ಬೀರಿವೆ. ಬೆಂಗಳೂರಿನ ಎರಡು ವಿಜ್ಞಾನ ಸಂಸ್ಥೆಗಳು ಇಲ್ಲಿನ ವಿಶ್ವವಿದ್ಯಾಲಯದೊಡನೆ ಸೇರಿ ನಿರ್ಮಿಸಿದ ಮಾರಿಷಸ್ ರೇಡಿಯೋ ದೂರದರ್ಶಕವು ಈ ಸಂಶೋಧನಾ ಪರಂಪರೆಯ ಒಂದು ಮುಖ್ಯ ಭಾಗವಾಗಿದೆ.

ಹಿನ್ನೆಲೆ

ಮಾರಿಷಸ್‌ನಲ್ಲಿ ಮೂಲನಿವಾಸಿಗಳು ಇರಲಿಲ್ಲ. ಡಚ್ಚರು, ಫ್ರೆಂಚರು ಮತ್ತು ಬ್ರಿಟಿಷರು ಒಬ್ಬರಾದ ಮೇಲೊಬ್ಬರಂತೆ ಈ ದ್ವೀಪವನ್ನು ಆಳಿದರು. 1639ರಲ್ಲಿ ಡಚ್ಚರು ಇಲ್ಲಿಗೆ ಕಬ್ಬನ್ನು ತಂದರು. ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚ್ ಅಧಿಕಾರಿ ಪಿಯೆರ್ ಪುವಾವ್ರ್ ಪಾಂಪ್ಲಮೂಸ್ ಎಂಬಲ್ಲಿ ಸಸ್ಯೋದ್ಯಾನವನ್ನು ಬೆಳೆಸಿ ಲವಂಗ, ಜಾಯಿಕಾಯಿ ಮುಂತಾದ ಸಂಬಾರ ಗಿಡಗಳನ್ನು ನೆಡಿಸಿದನು. ಹೊರನಾಡಿನ ಸಸ್ಯಗಳು ಹೊಸ ಮಣ್ಣಿಗೆ ಹೊಂದಿಕೊಳ್ಳುವ ಬಗೆಯನ್ನು ಪರೀಕ್ಷಿಸುವ ಕೇಂದ್ರವಾಗಿ ಈ ಉದ್ಯಾನವು ಕೆಲಸ ಮಾಡಿತು.

1829ರಲ್ಲಿ ಸ್ಥಾಪಿತವಾದ ನಿಸರ್ಗ ಇತಿಹಾಸ ಸಂಘವು ಮುಂದೆ ಮಾರಿಷಸ್‌ನ ರಾಯಲ್ ಸೊಸೈಟಿ ಆಫ್ ಆರ್ಟ್ಸ್ ಅಂಡ್ ಸೈನ್ಸಸ್ ಆಯಿತು. 1851ರಲ್ಲಿ ಹವಾಮಾನ ಸಂಘವು ಸ್ಥಾಪನೆಗೊಂಡಿತು. ಅದರ ಕಾರ್ಯದರ್ಶಿಯಾಗಿದ್ದ ಚಾರ್ಲ್ಸ್ ಮೆಲ್ಡ್ರಮ್, ಬಂದರಿಗೆ ಬರುವ ಹಡಗುಗಳ ದಿನಚರಿ ಪುಸ್ತಕಗಳಿಂದ ಗಾಳಿ ಮತ್ತು ವಾಯುಭಾರದ ದಾಖಲೆಗಳನ್ನು ಸಂಗ್ರಹಿಸಿ ಚಂಡಮಾರುತಗಳ ಚಲನೆಯನ್ನು ಅಧ್ಯಯನ ಮಾಡಿದನು. ಚಂಡಮಾರುತದಿಂದ ಪಾರಾಗಲು ನಾವಿಕರು ಅನುಸರಿಸಬೇಕಾದ ಕ್ರಮಗಳನ್ನು ಆತ ರೂಪಿಸಿದನು. 1870ರಲ್ಲಿ ಪಾಂಪ್ಲಮೂಸ್‌ನಲ್ಲಿ ರಾಯಲ್ ಆಲ್ಫ್ರೆಡ್ ವೀಕ್ಷಣಾಲಯಕ್ಕೆ ಶಂಕುಸ್ಥಾಪನೆಯಾಯಿತು.

ಸಂಸ್ಥೆಗಳು

ಮಾರಿಷಸ್ ವಿಶ್ವವಿದ್ಯಾಲಯವು 1965ರಲ್ಲಿ, ಅಂದರೆ ದೇಶವು ಸ್ವತಂತ್ರವಾಗುವ (12 ಮಾರ್ಚ್ 1968) ಮೊದಲೇ, ರೆದ್ವಿ ಎಂಬಲ್ಲಿ ಸ್ಥಾಪಿತವಾಯಿತು. ಅಲ್ಲಿದ್ದ ಕೃಷಿ ಕಾಲೇಜು ಇದರ ಅಂಗವಾಯಿತು. 1953ರಲ್ಲಿ ಆರಂಭವಾದ ಮಾರಿಷಸ್ ಸಕ್ಕರೆ ಉದ್ಯಮ ಸಂಶೋಧನಾ ಸಂಸ್ಥೆಯು ಕಬ್ಬಿನ ತಳಿ, ರೋಗ ಮತ್ತು ಮಣ್ಣಿನ ಅಧ್ಯಯನಕ್ಕೆ ಮೀಸಲಾಗಿತ್ತು. ಮಹಾತ್ಮಾ ಗಾಂಧಿ ಸಂಸ್ಥೆಯು ಭಾರತ ಮತ್ತು ಮಾರಿಷಸ್ ಸರ್ಕಾರಗಳ ಸಹಯೋಗದಿಂದ 1970ರಲ್ಲಿ ರೂಪುಗೊಂಡಿತು. ಭಾರತೀಯ ಭಾಷೆ, ಸಂಸ್ಕೃತಿ ಹಾಗೂ ವಲಸೆಯ ಇತಿಹಾಸ ಇದರ ಅಧ್ಯಯನ ವಿಷಯಗಳು. 1992ರಲ್ಲಿ ಸ್ಥಾಪಿತವಾದ ಮಾರಿಷಸ್ ಸಂಶೋಧನಾ ಪರಿಷತ್ತು ಸರ್ಕಾರಕ್ಕೆ ಸಲಹೆ ನೀಡುವ ಮತ್ತು ಯೋಜನೆಗಳಿಗೆ ಧನಸಹಾಯ ಒದಗಿಸುವ ಹೊಣೆಯನ್ನು ವಹಿಸಿಕೊಂಡಿತು.

ರೇಡಿಯೋ ಖಗೋಳವಿಜ್ಞಾನ ಮತ್ತು ಬೆಂಗಳೂರಿನ ನಂಟು

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳು ಜಂಟಿಯಾಗಿ ಗೌರಿಬಿದನೂರಿನ ಬಳಿ ರೇಡಿಯೋ ವೀಕ್ಷಣಾಲಯವನ್ನು ನಡೆಸುತ್ತ ಬಂದಿವೆ. ಅಲ್ಲಿನ ದೂರದರ್ಶಕವು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಹರಡಿಕೊಂಡ ಆಂಟೆನಾಗಳ ಸಾಲಾಗಿದ್ದು, ಕಡಿಮೆ ಕಂಪನಾಂಕದ ರೇಡಿಯೋ ಅಲೆಗಳನ್ನು ಗ್ರಹಿಸುವಂತೆ ನಿರ್ಮಿತವಾಗಿತ್ತು. ಅಲ್ಲಿ ದೊರೆತ ಅನುಭವವು ಮಾರಿಷಸ್‌ನ ಯೋಜನೆಗೆ ನೆರವಾಯಿತು.

ಗೌರಿಬಿದನೂರು ಭೂಮಧ್ಯರೇಖೆಯ ಉತ್ತರಕ್ಕಿದೆ. ಆದ್ದರಿಂದ ಆಕಾಶದ ದಕ್ಷಿಣ ತುದಿಯ ಭಾಗವು ಅಲ್ಲಿಂದ ಸರಿಯಾಗಿ ಕಾಣುವುದಿಲ್ಲ. ಮಾರಿಷಸ್ ಸುಮಾರು 20 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿರುವುದರಿಂದ ಆಕಾಶಗಂಗೆಯ ಕೇಂದ್ರವೂ ದಕ್ಷಿಣಾಕಾಶದ ಬಹುಭಾಗವೂ ಅಲ್ಲಿ ತಲೆಯ ಮೇಲೆಯೇ ಹಾದುಹೋಗುತ್ತವೆ. ಈ ಅನುಕೂಲವನ್ನು ಬಳಸಿಕೊಂಡು ಬೆಂಗಳೂರಿನ ಈ ಎರಡು ಸಂಸ್ಥೆಗಳು ಮಾರಿಷಸ್ ವಿಶ್ವವಿದ್ಯಾಲಯದೊಡನೆ ಸೇರಿ ದ್ವೀಪದ ಈಶಾನ್ಯ ಭಾಗದ ಬ್ರಾ ದೋ ಎಂಬಲ್ಲಿ ದೂರದರ್ಶಕವನ್ನು ನಿರ್ಮಿಸಿದವು. 1992ರಲ್ಲಿ ಅದು ಕಾರ್ಯಾರಂಭ ಮಾಡಿತು.

ಇದರ ಪೂರ್ವ-ಪಶ್ಚಿಮ ಬಾಹುವಿನ ಉದ್ದ 2,048 ಮೀಟರ್. ದಕ್ಷಿಣ ಬಾಹುವಿನ ಉದ್ದ 880 ಮೀಟರ್. ಪೂರ್ವ-ಪಶ್ಚಿಮ ಬಾಹುವಿನಲ್ಲಿ ಸುರುಳಿಯಾಕಾರದ 1,024 ಆಂಟೆನಾಗಳಿದ್ದವು. ದಕ್ಷಿಣ ಬಾಹುವಿನ ಉದ್ದಕ್ಕೂ ಆಂಟೆನಾಗಳನ್ನು ನೆಡುವ ಬದಲು, ಹಳಿಗಳ ಮೇಲೆ ಚಲಿಸುವ ಗಾಡಿಗಳಲ್ಲಿ ಕೆಲವೇ ಆಂಟೆನಾಗಳನ್ನು ಇರಿಸಲಾಗಿತ್ತು. ಗಾಡಿಗಳನ್ನು ಹಂತಹಂತವಾಗಿ ಸರಿಸುತ್ತ, ಪ್ರತಿ ಸ್ಥಾನದಲ್ಲಿ ದೊರೆತ ಸಂಕೇತಗಳನ್ನು ದಾಖಲಿಸಿ, ಕೊನೆಗೆ ಎಲ್ಲವನ್ನೂ ಗಣಕದಲ್ಲಿ ಜೋಡಿಸಿ ಚಿತ್ರವನ್ನು ಪಡೆಯಲಾಗುತ್ತಿತ್ತು. ಕಡಿಮೆ ಸಾಮಗ್ರಿಯಿಂದ ದೊಡ್ಡ ದೂರದರ್ಶಕದ ಫಲವನ್ನು ಪಡೆಯುವ ಈ ವಿಧಾನಕ್ಕೆ ‘ಅಪರ್ಚರ್ ಸಿಂಥೆಸಿಸ್’ ಎಂದು ಹೆಸರು. 151.5 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ದಕ್ಷಿಣಾಕಾಶದ ನಕ್ಷೆಯನ್ನು ಸಿದ್ಧಪಡಿಸುವುದು ಯೋಜನೆಯ ಗುರಿಯಾಗಿತ್ತು. ಉತ್ತರಾಕಾಶಕ್ಕೆ ಕೇಂಬ್ರಿಡ್ಜ್‌ನ ಖಗೋಳಜ್ಞರು ಇಂತಹ ಸಮೀಕ್ಷೆಯನ್ನು ಮಾಡಿದ್ದರು. ದಕ್ಷಿಣಕ್ಕೆ ಅದರ ಜೋಡಿ ಇರಲಿಲ್ಲ.

ಈ ಯೋಜನೆಯ ಮೂಲಕ ಮಾರಿಷಸ್‌ನ ವಿದ್ಯಾರ್ಥಿಗಳು ರೇಡಿಯೋ ಖಗೋಳವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಮುಂದೆ ಬೃಹತ್ ಅಂತಾರಾಷ್ಟ್ರೀಯ ಯೋಜನೆಯಾದ ಸ್ಕ್ವೇರ್ ಕಿಲೋಮೀಟರ್ ಅರೇಯಲ್ಲಿ ಸಹಭಾಗಿಗಳಾದ ಆಫ್ರಿಕಾದ ದೇಶಗಳ ಪಟ್ಟಿಯಲ್ಲಿ ಮಾರಿಷಸ್ ಕೂಡ ಸೇರಿತು. ಬೆಂಗಳೂರನ್ನು ಕೇಂದ್ರವಾಗಿಸಿಕೊಂಡ ಇಸ್ರೋದ ‘ಇಸ್ಟ್ರಾಕ್’ ಜಾಲವೂ ಮಾರಿಷಸ್‌ನಲ್ಲಿ ಉಪಗ್ರಹ ಜಾಡುಹಿಡಿಯುವ ನೆಲಕೇಂದ್ರವನ್ನು ಹೊಂದಿದೆ.

ಜೀವವಿಜ್ಞಾನ ಮತ್ತು ಸಂರಕ್ಷಣೆ

ಹಾರಲಾರದ ಡೋಡೊ ಹಕ್ಕಿಯು ಮನುಷ್ಯರು ನೆಲೆಸಿದ ಒಂದು ಶತಮಾನದೊಳಗೆ, ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ, ಅಳಿದುಹೋಯಿತು. 1865ರಲ್ಲಿ ಮಾಹೆಬೂರಿನ ಶಾಲಾ ಶಿಕ್ಷಕನಾಗಿದ್ದ ಜಾರ್ಜ್ ಕ್ಲಾರ್ಕ್ ಎಂಬಾತನು ಮಾರ್ ಒ ಸಾಂಜ್ ಎಂಬ ಜೌಗುನೆಲದಲ್ಲಿ ಡೋಡೊವಿನ ಮೂಳೆಗಳನ್ನು ಹೇರಳವಾಗಿ ಪತ್ತೆಹಚ್ಚಿದನು. ಆ ಮೂಳೆಗಳ ಆಧಾರದಿಂದ ಲಂಡನ್ನಿನ ರಿಚರ್ಡ್ ಓವನ್ ಹಕ್ಕಿಯ ಅಂಗರಚನೆಯನ್ನು ವಿವರಿಸಿದನು. 2005ರಲ್ಲಿ ಡಚ್ ಮತ್ತು ಮಾರಿಷಸ್ ವಿಜ್ಞಾನಿಗಳು ಅದೇ ಸ್ಥಳದಲ್ಲಿ ಮತ್ತೆ ಉತ್ಖನನ ಕೈಗೊಂಡರು.

1977ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಟೆಂಪಲ್, ತಂಬಲಕೋಕ್ ಮರದ ಬೀಜಗಳು ಮೊಳೆಯಲು ಡೋಡೊವಿನ ಜಠರದಲ್ಲಿ ಹಾದುಬರುವುದು ಅಗತ್ಯವಾಗಿತ್ತು ಎಂಬ ಊಹೆಯನ್ನು ಮಂಡಿಸಿದನು. ಈ ವಾದವು ಪಠ್ಯಪುಸ್ತಕಗಳಲ್ಲಿಯೂ ಸ್ಥಾನ ಪಡೆಯಿತು. ಆದರೆ ಇತರ ಸಂಶೋಧಕರು, ಆ ಮರದ ಬೀಜಗಳು ಹಕ್ಕಿಯ ನೆರವಿಲ್ಲದೆಯೂ ಮೊಳೆಯುತ್ತವೆ ಎಂಬುದನ್ನು ತೋರಿಸಿ ಇದನ್ನು ಪ್ರಶ್ನಿಸಿದರು.

ಉಳಿದ ಪ್ರಭೇದಗಳನ್ನು ಕಾಪಾಡುವ ಪ್ರಯತ್ನದಲ್ಲಿ ಮಾರಿಷಸ್ ಹೆಸರಾಗಿದೆ. ಗಿಡುಗದ ಬಗೆಯ ಸಣ್ಣ ಬೇಟೆಹಕ್ಕಿಯಾದ ಮಾರಿಷಸ್ ಕೆಸ್ಟ್ರೆಲ್, 1974ರಲ್ಲಿ ಕಾಡಿನಲ್ಲಿ ನಾಲ್ಕು ಮಾತ್ರ ಉಳಿದಿದ್ದವು. 1979ರಿಂದ ಇಲ್ಲಿ ದುಡಿದ ಕಾರ್ಲ್ ಜೋನ್ಸ್ ಮತ್ತು ಸಂಗಡಿಗರು ಗೂಡಿನಿಂದ ಮೊಟ್ಟೆಗಳನ್ನು ತೆಗೆದು ಮರಿಮಾಡಿಸುವುದು, ತಾಯಿಹಕ್ಕಿ ಮತ್ತೆ ಮೊಟ್ಟೆಯಿಡುವಂತೆ ಮಾಡುವುದು, ಪೂರಕ ಆಹಾರ ನೀಡುವುದು ಮೊದಲಾದ ಕ್ರಮಗಳಿಂದ ಸಂಖ್ಯೆಯನ್ನು ನೂರರ ಲೆಕ್ಕಕ್ಕೆ ಏರಿಸಿದರು. ನಸುಗೆಂಪು ಪಾರಿವಾಳ ಮತ್ತು ಎಕೋ ಗಿಳಿಗಳೂ ಹೀಗೆಯೇ ಅಳಿವಿನಂಚಿನಿಂದ ಮರಳಿದವು. 1984ರಲ್ಲಿ ಸ್ಥಾಪನೆಯಾದ ಮಾರಿಷಸ್ ವನ್ಯಜೀವಿ ಪ್ರತಿಷ್ಠಾನವು ಈ ಕೆಲಸವನ್ನು ಮುಂದುವರಿಸಿದೆ. ಇಲ್ ಒ ಸೆಗ್ರೆತ್ ಎಂಬ ಪುಟ್ಟ ದ್ವೀಪದಲ್ಲಿ, ಅಳಿದುಹೋದ ಸ್ಥಳೀಯ ಆಮೆಗಳ ಬದಲಿಗೆ ಅಲ್ಡಾಬ್ರಾದ ದೈತ್ಯ ಆಮೆಗಳನ್ನು ಬಿಡಲಾಯಿತು. ಅವು ಎಬೊನಿ ಮರದ ಹಣ್ಣುಗಳನ್ನು ತಿಂದು ಬೀಜಗಳನ್ನು ಹರಡುತ್ತಿರುವುದನ್ನು ಅಧ್ಯಯನಗಳು ದೃಢಪಡಿಸಿವೆ.

ದ್ವೀಪದ ಔಷಧೀಯ ಸಸ್ಯಗಳನ್ನು ಅಧ್ಯಯನ ಮಾಡಿದ ರಸಾಯನವಿಜ್ಞಾನಿ ಅಮೀನಾ ಗುರಿಬ್-ಫಕೀಂ ಮಾರಿಷಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿದ್ದರು. ಅವರು 2015ರಿಂದ 2018ರವರೆಗೆ ದೇಶದ ರಾಷ್ಟ್ರಪತಿಯಾಗಿದ್ದರು.

ಕೃಷಿ ಸಂಶೋಧನೆ

ಕಬ್ಬು ದ್ವೀಪದ ಆರ್ಥಿಕತೆಯ ಬೆನ್ನೆಲುಬಾಗಿದ್ದ ಕಾಲದಲ್ಲಿ ಸಂಶೋಧನೆಯ ಬಹುಪಾಲು ಅದಕ್ಕೇ ಮೀಸಲಾಗಿತ್ತು. ಚಂಡಮಾರುತಕ್ಕೆ ಮುರಿಯದ, ಹೆಚ್ಚು ಸಕ್ಕರೆ ನೀಡುವ ತಳಿಗಳನ್ನು ಬೆಳೆಸುವುದು ತಳಿವಿಜ್ಞಾನಿಗಳ ಮುಖ್ಯ ಕಾರ್ಯವಾಗಿತ್ತು. ‘ಎಂ 134/32’ ಎಂಬ ತಳಿಯು 1950ರ ದಶಕದಲ್ಲಿ ದ್ವೀಪದ ಹೊಲಗಳಲ್ಲಿ ವ್ಯಾಪಕವಾಗಿ ಹರಡಿತ್ತು. ಯುರೋಪಿನ ಮಾರುಕಟ್ಟೆಯಲ್ಲಿ ಖಾತರಿ ಬೆಲೆಯನ್ನು ಒದಗಿಸುತ್ತಿದ್ದ ಸಕ್ಕರೆ ಒಪ್ಪಂದವು 2009ರಲ್ಲಿ ಕೊನೆಗೊಂಡಿತು. ಆ ಬಳಿಕ ಕಬ್ಬಿನ ಸಿಪ್ಪೆಯಿಂದ ವಿದ್ಯುತ್ತು ಉತ್ಪಾದಿಸುವುದು ಮತ್ತು ಕಬ್ಬಿನ ಇತರ ಉಪಯೋಗಗಳ ಅಧ್ಯಯನಕ್ಕೆ ಹೆಚ್ಚಿನ ಮಹತ್ವ ದೊರೆಯಿತು.

ಭೂವಿಜ್ಞಾನ

ಮಾರಿಷಸ್ ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪ. ಇಲ್ಲಿನ ಮೇಲ್ಮೈ ಶಿಲೆಗಳ ವಯಸ್ಸು ಹೆಚ್ಚೆಂದರೆ ಸುಮಾರು 90 ಲಕ್ಷ ವರ್ಷ. ಆದರೆ ಇಲ್ಲಿ ಅದಕ್ಕಿಂತ ಬಹಳ ಹಳೆಯ ಜಿರ್ಕಾನ್ ಹರಳುಗಳು ದೊರೆತಿವೆ. 2013ರಲ್ಲಿ ಕಡಲತೀರದ ಮರಳಿನಲ್ಲಿ ಅವು ಕಂಡುಬಂದಾಗ, ಗಾಳಿಯೋ ಮನುಷ್ಯರೋ ಬೇರೆಡೆಯಿಂದ ಅವನ್ನು ತಂದಿರಬಹುದೆಂಬ ಸಂದೇಹಕ್ಕೆ ಎಡೆಯಿತ್ತು. 2017ರಲ್ಲಿ ಶಿಲೆಯೊಳಗೇ ಹುದುಗಿದ್ದ, 300 ಕೋಟಿ ವರ್ಷಗಳಷ್ಟು ಹಳೆಯ ಹರಳುಗಳು ಪತ್ತೆಯಾದಾಗ ಆ ಸಂದೇಹ ನಿವಾರಣೆಯಾಯಿತು. ದ್ವೀಪದ ಅಡಿಯಲ್ಲಿ ಪ್ರಾಚೀನ ಭೂಖಂಡದ ತುಣುಕೊಂದಿದೆ ಎಂದು ವಿಜ್ಞಾನಿಗಳು ತೀರ್ಮಾನಿಸಿ ಅದನ್ನು ‘ಮಾರಿಷಿಯಾ’ ಎಂದು ಕರೆದಿದ್ದಾರೆ.

ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟ ಕಾಲದಲ್ಲಿ ಈ ತುಣುಕು ನಡುವೆ ಒಡೆದು ಉಳಿಯಿತೆಂದು ವಿವರಿಸಲಾಗುತ್ತದೆ. ಉಡುಪಿ ಜಿಲ್ಲೆಯ ಮಲ್ಪೆಯ ಬಳಿ ಸೇಂಟ್ ಮೇರಿ ದ್ವೀಪಗಳಲ್ಲಿ ಕಾಣುವ ಕಂಬದಾಕಾರದ ಲಾವಾ ಶಿಲೆಗಳೂ ಸುಮಾರು 9 ಕೋಟಿ ವರ್ಷಗಳ ಹಿಂದಿನ ಅದೇ ಬೇರ್ಪಡೆಗೆ ಸಂಬಂಧಿಸಿದವು. ಹೀಗಾಗಿ ಕರ್ನಾಟಕದ ಕರಾವಳಿಯ ಭೂವಿಜ್ಞಾನವೂ ಮಾರಿಷಸ್‌ನ ಭೂವಿಜ್ಞಾನವೂ ಒಂದೇ ಕಥನದ ಎರಡು ಅಧ್ಯಾಯಗಳಾಗಿವೆ.

ಇತಿಹಾಸ ಮತ್ತು ವಲಸೆಯ ಅಧ್ಯಯನ

1835ರಲ್ಲಿ ಗುಲಾಮಗಿರಿ ರದ್ದಾಯಿತು. ಕಬ್ಬಿನ ತೋಟಗಳಿಗೆ ಕರಾರುಬದ್ಧ ಕೂಲಿಗಳನ್ನು ಭಾರತದಿಂದ ಕರೆತರುವ ಕ್ರಮವು 1834ರಲ್ಲಿಯೇ ಆರಂಭವಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದವರೆಗೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಂದಿ ಹೀಗೆ ಬಂದರು. ಅವರ ಹೆಸರು, ಊರು ಮತ್ತು ಭಾವಚಿತ್ರಗಳನ್ನು ಒಳಗೊಂಡ ದಾಖಲೆಗಳು ಮಹಾತ್ಮಾ ಗಾಂಧಿ ಸಂಸ್ಥೆಯಲ್ಲಿ ಸಂರಕ್ಷಿತವಾಗಿವೆ. ವಸಾಹತು ಸರ್ಕಾರದ ಆಡಳಿತಕ್ಕಾಗಿ ಸಿದ್ಧವಾದ ಈ ದಾಖಲೆಗಳಿಂದಲೇ ಇಂದು ಅನೇಕ ಕುಟುಂಬಗಳು ಪೂರ್ವಜರ ಊರನ್ನು ಪತ್ತೆಹಚ್ಚುತ್ತಿವೆ. ವಲಸಿಗರು ಬಂದಿಳಿದ ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್ 2006ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಓಡಿಹೋದ ಗುಲಾಮರು ಅಡಗಿದ್ದ ಲ ಮಾರ್ನ್ ಬೆಟ್ಟಕ್ಕೆ 2008ರಲ್ಲಿ ಅದೇ ಮಾನ್ಯತೆ ದೊರೆಯಿತು. ಗುಲಾಮಗಿರಿ ಮತ್ತು ಕರಾರು ಕೂಲಿಯ ಪರಿಣಾಮಗಳನ್ನು ಪರಿಶೀಲಿಸಲು 2009ರಲ್ಲಿ ಸತ್ಯ ಮತ್ತು ನ್ಯಾಯ ಆಯೋಗವು ರಚನೆಯಾಗಿ, 2011ರಲ್ಲಿ ವರದಿ ನೀಡಿತು.

ಭಾಷಾವಿಜ್ಞಾನ

ಮಾರಿಷಸ್‌ನ ಬಹುಜನರ ಆಡುನುಡಿ ಫ್ರೆಂಚ್ ಮೂಲದ ಕ್ರಿಯೋಲ್. ಇದನ್ನು ಬಹುಕಾಲ ಸ್ವತಂತ್ರ ಭಾಷೆಯೆಂದು ಪರಿಗಣಿಸಿರಲಿಲ್ಲ. 1972ರಲ್ಲಿ ಫಿಲಿಪ್ ಬೇಕರ್ ಇದರ ವಿವರಣಾತ್ಮಕ ವ್ಯಾಕರಣವನ್ನು ಪ್ರಕಟಿಸಿದನು. 1987ರಲ್ಲಿ ಬೇಕರ್ ಮತ್ತು ವಿನೇಶ್ ಹುಕುಮ್‌ಸಿಂಗ್ ಸಂಪಾದಿಸಿದ ನಿಘಂಟು ಹೊರಬಂದಿತು. 2004ರಲ್ಲಿ ಏಕರೂಪದ ಬರವಣಿಗೆಯ ಪದ್ಧತಿಯು ಸಿದ್ಧವಾಯಿತು. 2009ರಲ್ಲಿ ಅರ್ನೋ ಕಾರ್ಪುರಾನ್ ಕ್ರಿಯೋಲ್ ಪದಗಳಿಗೆ ಕ್ರಿಯೋಲ್‌ನಲ್ಲಿಯೇ ಅರ್ಥ ನೀಡುವ ನಿಘಂಟನ್ನು ಪ್ರಕಟಿಸಿದರು. 2012ರಿಂದ ಪ್ರಾಥಮಿಕ ಶಾಲೆಗಳಲ್ಲಿ ಈ ಭಾಷೆಯನ್ನು ಐಚ್ಛಿಕ ವಿಷಯವಾಗಿ ಕಲಿಸಲಾಗುತ್ತಿದೆ.

ಮಕ್ಕಳ ಬೆಳವಣಿಗೆಯ ಅಧ್ಯಯನ

1972ರಲ್ಲಿ ವಾಕ್ವಾ ಮತ್ತು ಕಾತ್ರ್ ಬೋರ್ನ್ ಪಟ್ಟಣಗಳ ಮೂರು ವರ್ಷದ 1,795 ಮಕ್ಕಳನ್ನು ಒಳಗೊಂಡ ದೀರ್ಘಾವಧಿಯ ಅಧ್ಯಯನವು ಆರಂಭವಾಯಿತು. ಅವರಲ್ಲಿ ನೂರು ಮಕ್ಕಳಿಗೆ ಉತ್ತಮ ಆಹಾರ, ವ್ಯಾಯಾಮ ಮತ್ತು ಶಿಕ್ಷಣವಿದ್ದ ಶಿಶುವಿಹಾರದ ಸೌಲಭ್ಯ ಒದಗಿಸಲಾಯಿತು. ಈ ಮಕ್ಕಳು ಪ್ರಾಯಕ್ಕೆ ಬಂದಾಗ, ಸೌಲಭ್ಯ ಪಡೆಯದ ಮಕ್ಕಳಿಗಿಂತ ಅವರಲ್ಲಿ ಸಮಾಜವಿರೋಧಿ ವರ್ತನೆ ಕಡಿಮೆಯಿತ್ತೆಂದು 2003ರಲ್ಲಿ ವರದಿಯಾಯಿತು. ಬಾಲ್ಯದ ಪೋಷಣೆಯ ಮಹತ್ವವನ್ನು ಹೇಳುವಾಗ ಮನಶ್ಶಾಸ್ತ್ರಜ್ಞರು ಈ ಅಧ್ಯಯನವನ್ನು ಉದಾಹರಿಸುತ್ತಾರೆ.

ಸವಾಲುಗಳು

ಮಾರಿಷಸ್‌ನ ವಿಶೇಷ ಆರ್ಥಿಕ ವಲಯಕ್ಕೆ ಸೇರಿದ ಕಡಲು ಅದರ ನೆಲಕ್ಕಿಂತ ಸುಮಾರು ಸಾವಿರ ಪಟ್ಟು ದೊಡ್ಡದು. ಅದನ್ನು ಅರಿಯಲು ಬೇಕಾದ ಹಡಗು, ಉಪಕರಣ ಮತ್ತು ತಜ್ಞರನ್ನು ಸಣ್ಣ ದೇಶವೊಂದು ತಾನೇ ಒದಗಿಸಿಕೊಳ್ಳುವುದು ಕಷ್ಟ. 25 ಜುಲೈ 2020ರಂದು ವಾಕಾಶಿಯೊ ಎಂಬ ಹಡಗು ಆಗ್ನೇಯ ತೀರದ ಹವಳದ ದಿಬ್ಬಕ್ಕೆ ಬಡಿದು, ಬಳಿಕ ಸುಮಾರು 1,000 ಟನ್ ತೈಲ ಸೋರಿದಾಗ ಈ ಕೊರತೆಯು ಎದ್ದುಕಂಡಿತು. ಹವಳ, ಕಾಂಡ್ಲಾ ಕಾಡು ಮತ್ತು ಮೀನುಗಾರಿಕೆಗೆ ಆದ ಹಾನಿಯನ್ನು ಅಳೆಯಬೇಕಾದರೆ ಅಪಘಾತಕ್ಕೆ ಮುಂಚಿನ ಸ್ಥಿತಿಯ ದಾಖಲೆಗಳು ಇರಬೇಕಾಗುತ್ತದೆ.

ಮೇಲೆ ಹೇಳಿದ ಅನೇಕ ಅಧ್ಯಯನಗಳನ್ನು ಹೊರದೇಶದ ವಿದ್ವಾಂಸರು ಮುನ್ನಡೆಸಿದ್ದಾರೆ. ಇಂತಹ ಯೋಜನೆಗಳ ಅವಧಿ ಮುಗಿದ ಮೇಲೆ ಜ್ಞಾನ ಮತ್ತು ದಾಖಲೆಗಳು ದ್ವೀಪದಲ್ಲಿ ಉಳಿಯಬೇಕಾದರೆ ಸ್ಥಳೀಯರ ತರಬೇತಿ ಅಗತ್ಯವಾಗುತ್ತದೆ. ಬ್ರಾ ದೋ ದೂರದರ್ಶಕ, ಕೆಸ್ಟ್ರೆಲ್ ಸಂರಕ್ಷಣೆ ಹಾಗೂ ಕ್ರಿಯೋಲ್ ನಿಘಂಟುಗಳ ಕಾರ್ಯದಲ್ಲಿ ಮಾರಿಷಸ್‌ನ ವಿದ್ಯಾರ್ಥಿಗಳು, ಕ್ಷೇತ್ರ ಕಾರ್ಯಕರ್ತರು ಮತ್ತು ಪ್ರಾಧ್ಯಾಪಕರು ಪಾಲ್ಗೊಂಡಿದ್ದಾರೆ.