ಹಂಚಿನ ಮೇಲಿನ ಹೆಸರು, ತಲೆಯ ಮೇಲಿನ ನೀರು

ಹೋದ ತಿಂಗಳು ನಮ್ಮ ಟೀಮಿನ ಗೆಳೆಯನೊಬ್ಬ ತನ್ನ ಮಗಳ ದೀಕ್ಷಾಸ್ನಾನಕ್ಕೆ ಕರೆದಿದ್ದ. ಅವನು ಮಂಗಳೂರಿನ ಕಡೆಯವನು, ಪ್ರಾಟೆಸ್ಟೆಂಟ್ ಕ್ರೈಸ್ತ. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ಇಷ್ಟು ವರ್ಷ ಬೆಂಗಳೂರಿನಲ್ಲಿದ್ದರೂ ನಾನು ಇಂಥದ್ದಕ್ಕೆ ಹೋಗಿದ್ದು ಇದೇ ಮೊದಲು. ಪಾದ್ರಿಗಳು ಮಗುವಿನ ಹೆಸರು ಹಿಡಿದು ಕರೆದು, ಮೂರು ಸಲ ಬೊಗಸೆಯಲ್ಲಿ ನೀರು ತೆಗೆದು ತಲೆ ಮೇಲೆ ಹಾಕಿದರು. ಮಗು ಜೋರಾಗಿ ಅತ್ತಿತು. ಎಲ್ಲರೂ ನಕ್ಕರು. ಎರಡು ನಿಮಿಷದಲ್ಲಿ ಮುಗಿದೇ ಹೋಯ್ತು.

ರಾತ್ರಿ ದೊಡ್ಮನೆಗೆ ಫೋನ್ ಮಾಡಿದಾಗ ಆಯಿಗೆ ಹೇಳಿದೆ. "ಸಣ್ಣ ಕೂಸಿಗೆ ಅದೆಲ್ಲ ಎಂತ ಗೊತ್ತಾಗ್ತೋ ತಮಾ?" ಅಂದಳು. "ಯಂಗೆ ಎಂಟು ವರ್ಷಕ್ಕೆ ಜನಿವಾರ ಹಾಕಕ್ಕಾರೆ ಎಂತ ಗೊತ್ತಿತ್ತು ಆಯಿ?" ಅಂದೆ. ಅವಳು ನಕ್ಕು ಸುಮ್ಮನಾದಳು. ನನಗೆ ಮಾತ್ರ ಸುಮ್ಮನಿರಲು ಆಗಲಿಲ್ಲ. ಆಯಿ ಕೇಳಿದ ಪ್ರಶ್ನೆಗೆ ಯೂರೋಪಿನಲ್ಲಿ ಜನ ಪ್ರಾಣ ಕೊಟ್ಟಿದ್ದಾರೆ ಅಂತ ಆಮೇಲೆ ಓದಿ ತಿಳಿಯಿತು!

ಮೊದಲು ಶಬ್ದದಿಂದಲೇ ಶುರು ಮಾಡೋಣ. ಗ್ರೀಕ್ ಭಾಷೆಯಲ್ಲಿ 'ಬಾಪ್ಟಿಜೋ' ಅಂದರೆ ಅದ್ದು, ಮುಳುಗಿಸು. ಕನ್ನಡಕ್ಕೆ ಬೈಬಲ್ ತಂದವರಿಗೆ ಇದಕ್ಕೊಂದು ಮಾತು ಬೇಕಿತ್ತು. ಬರೀ 'ಸ್ನಾನ' ಅಂದರೆ ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗುವ ಸ್ನಾನ ಆಗಿಬಿಡುತ್ತದೆ. ಹಾಗಾಗಿ 'ದೀಕ್ಷಾಸ್ನಾನ' ಬಂತು. ಕ್ಯಾಥೊಲಿಕರಲ್ಲಿ 'ಜ್ಞಾನಸ್ನಾನ' ಅಂತಲೂ ಹೇಳುತ್ತಾರೆ. ದೀಕ್ಷೆಯೂ ನಮ್ಮದೇ ಮಾತು, ಜ್ಞಾನವೂ ನಮ್ಮದೇ ಮಾತು. ಆದರೆ ಅರ್ಥ ಮಾತ್ರ ಬೇರೆ. ನಮ್ಮಲ್ಲಿ ಸ್ನಾನ ಮೈಲಿಗೆ ಕಳೆಯಲಿಕ್ಕೆ. ಸೂತಕಕ್ಕೊಂದು, ಗ್ರಹಣಕ್ಕೊಂದು, ಮತ್ತೆ ಮತ್ತೆ ಮಾಡುತ್ತಲೇ ಇರಬೇಕು. ಅವರಲ್ಲಿ ಇದು ಬದುಕಿಗೆ ಒಂದೇ ಸಲ. ಯೇಸು ಯೊರ್ದಾನ್ ನದಿಯಲ್ಲಿ ಯೋಹಾನನಿಂದ ಸ್ನಾನ ಮಾಡಿಸಿಕೊಂಡ ಕತೆ ಎಲ್ಲರಿಗೂ ಗೊತ್ತು. ಆದರೆ ಅದಕ್ಕೆ ಗಟ್ಟಿ ಅರ್ಥ ಕೊಟ್ಟವನು ಪೌಲ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅವನ ವಾದ ಹೀಗಿದೆ: ನೀರಿನೊಳಗೆ ಹೋಗುವುದು ಕ್ರಿಸ್ತನ ಜೊತೆ ಸತ್ತು ಹೂಣಲ್ಪಟ್ಟ ಹಾಗೆ, ಮೇಲೆ ಬರುವುದು ಹೊಸ ಬದುಕಿಗೆ ಎದ್ದ ಹಾಗೆ. ಅಂದರೆ ನೀರು ಇಲ್ಲಿ ಸಮಾಧಿಯೂ ಹೌದು, ಬಸಿರೂ ಹೌದು. ಹುಟ್ಟುವುದು ಒಂದೇ ಸಲ ತಾನೇ? ಅದಕ್ಕೇ ಇದೂ ಒಂದೇ ಸಲ.

ಹಾಗೆ ನೋಡಿದರೆ ಇದು ನಮ್ಮ ಸ್ನಾನಕ್ಕಿಂತ ಉಪನಯನಕ್ಕೆ ಹತ್ತಿರ. ಅಲ್ಲೂ ಎರಡನೇ ಹುಟ್ಟು, ದ್ವಿಜ ಅನ್ನುವ ಹೆಸರು. ಒಂದು ದೊಡ್ಡ ವ್ಯತ್ಯಾಸ ಅಂದರೆ, ಉಪನಯನ ಯಾರಿಗೆ ಅನ್ನುವುದು ಮೊದಲನೇ ಹುಟ್ಟಿನಲ್ಲೇ ತೀರ್ಮಾನ ಆಗಿರುತ್ತದೆ. ನಮ್ಮ ಮನೆಯ ಹೆಣ್ಣುಮಕ್ಕಳಿಗೂ ಅದು ಸಿಗುವುದಿಲ್ಲ. ದೀಕ್ಷಾಸ್ನಾನಕ್ಕೆ ಕನಿಷ್ಠ ಮಾತಿನಲ್ಲಾದರೂ ಅಂಥ ಬೇಲಿ ಇಲ್ಲ.

ಇನ್ನು ಆಯಿಯ ಪ್ರಶ್ನೆ. ಏನೂ ತಿಳಿಯದ ಮಗುವಿಗೆ ನೀರು ಹಾಕಿದರೆ ಅದು ನಂಬಿಕೆ ಹೇಗಾಗುತ್ತದೆ? 1525ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೆಲವರು ಇದನ್ನೇ ಕೇಳಿ, ದೊಡ್ಡವರಾದ ಮೇಲೆ ತಮ್ಮ ಇಷ್ಟದಿಂದ ಮತ್ತೊಮ್ಮೆ ದೀಕ್ಷಾಸ್ನಾನ ಮಾಡಿಸಿಕೊಂಡರು. ಊರಿನ ಆಡಳಿತ ಸಿಟ್ಟಾಯಿತು. 1527ರಲ್ಲಿ ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಜ್‌ನನ್ನು ಅಲ್ಲಿನ ಲಿಮಾಟ್ ನದಿಯಲ್ಲೇ ಮುಳುಗಿಸಿ ಕೊಂದರು. ನೀರು ಬೇಕು ಅಂದೆಯಲ್ಲ, ತಗೋ ನೀರು ಅನ್ನುವ ಹಾಗೆ. ಇಂದಿಗೂ ಬ್ಯಾಪ್ಟಿಸ್ಟ್, ಪೆಂತೆಕೋಸ್ತ್ ಸಭೆಯವರು ದೊಡ್ಡವರಿಗೆ ಮಾತ್ರ, ಅದೂ ಪೂರ್ತಿ ಮುಳುಗಿಸಿ ಕೊಡುತ್ತಾರೆ. ಕ್ಯಾಥೊಲಿಕರು, ಲುಥೆರನರು ಮಕ್ಕಳಿಗೂ ಕೊಡುತ್ತಾರೆ. ಕೃಪೆ ಮೊದಲು, ತಿಳುವಳಿಕೆ ಆಮೇಲೆ ಅನ್ನುವುದು ಅವರ ವಾದ. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಎರಡಕ್ಕೂ ಜಾಗ ಇಟ್ಟುಕೊಂಡಿದೆ.

ಇದೆಲ್ಲ ದೂರದ ಮಾತಾಯ್ತು. ನಮ್ಮ ಹತ್ತಿರದಲ್ಲೇ ಒಂದು ಕತೆ ಇದೆ. ನನ್ನನ್ನು ಎರಡು ವಾರ ನಿದ್ದೆಗೆಡಿಸಿದ್ದು ಅದು.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದಿದ್ದು 1834ರಲ್ಲಿ. ಅವರಲ್ಲಿ ಹರ್ಮನ್ ಮೋಗ್ಲಿಂಗ್ ನಮಗೆಲ್ಲ ಗೊತ್ತು, 1843ರಲ್ಲಿ 'ಮಂಗಳೂರ ಸಮಾಚಾರ' ತಂದು ಕನ್ನಡದ ಮೊದಲ ಪತ್ರಿಕೆಯ ಸಂಪಾದಕ ಅನ್ನಿಸಿಕೊಂಡವರು. ಅದರ ಮರುವರ್ಷ, 1844ರ ಜನವರಿ 6ರಂದು, ಮಿಶನ್ ಶಾಲೆಯಲ್ಲಿ ಓದಿದ್ದ ಮೂವರು ಬ್ರಾಹ್ಮಣ ಹುಡುಗರು ದೀಕ್ಷಾಸ್ನಾನ ಪಡೆದರು. ಒಬ್ಬನ ಹೆಸರು ಆನಂದರಾವ್ ಕೌಂಡಿನ್ಯ, ಸಾರಸ್ವತರ ಮನೆಯ ಹುಡುಗ, ವಯಸ್ಸು ಹದಿನೆಂಟು. ಊರಲ್ಲಿ ದೊಡ್ಡ ಗಲಾಟೆ ಆಯಿತು. ಅಪ್ಪ-ಅಮ್ಮಂದಿರು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡು ಹೋದರು.

ಅವನು ಮೋಗ್ಲಿಂಗ್ ಅವರ ಹೆಸರನ್ನೇ ಇಟ್ಟುಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಆದ. ಈ ಹೆಸರನ್ನು ಸ್ವಲ್ಪ ನೋಡಿ. ಮುಂದೆ ಜರ್ಮನ್ ಹೆಸರು, ನಡುವೆ ಅಪ್ಪ-ಅಮ್ಮ ಇಟ್ಟಿದ್ದು, ಕೊನೆಗೆ ಗೋತ್ರ ಹಾಗೇ ಉಳಿದಿದೆ. ದಿನಾ ಅಭಿವಾದನ ಹೇಳಿ ಬೆಳೆದ ನನಗೆ ಆ ಕೊನೆಯ ಹೆಸರಿನಿಂದ ಕಣ್ಣು ತೆಗೆಯಲು ಆಗಲಿಲ್ಲ. ಹಳೆಯದು ಸತ್ತು ಹೊಸದು ಹುಟ್ಟಿತು ಅಂತ ಪೌಲ ಹೇಳುತ್ತಾನೆ. ಆದರೆ ಹೆಸರಿನಲ್ಲಿ ಹಳೆಯದು ಉಳಿದೇ ಇತ್ತು.

ಆನಂದರಾಯನಿಗೆ ಆಗಲೇ ಮದುವೆ ಆಗಿತ್ತು. ಅವನು ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ 1851ರಲ್ಲಿ ಮರಳಿ ಬಂದಾಗಲೂ ಹೆಂಡತಿ ಅವನ ಜೊತೆ ಬರಲು ಒಪ್ಪಲಿಲ್ಲ. ಅವಳ ಒಪ್ಪಿಗೆ ಕೇಳಿ ಅವನು ನೀರು ಹಾಕಿಸಿಕೊಂಡಿರಲಿಲ್ಲ. ಹಾಗಾಗಿ ಅವಳು ಒಪ್ಪದೇ ಇದ್ದದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಅವನು 1860ರಲ್ಲಿ ಮಾರಿ ರೈನ್‌ಹಾರ್ಟ್ ಅನ್ನುವ ಜರ್ಮನ್ ಹೆಣ್ಣನ್ನು ಮದುವೆಯಾದ. ಮೊದಲನೆಯವಳಿಗೆ ಇನ್ನೊಂದು ಮದುವೆಯ ದಾರಿ ಆ ಕಾಲದ ಬ್ರಾಹ್ಮಣರ ಮನೆಯಲ್ಲಿ ಎಲ್ಲಿತ್ತು ಹೇಳಿ?

ಇಂಥ ಮನೆಗಳು ದೇಶದ ತುಂಬ ಇದ್ದವು. ಅದಕ್ಕೇ ಕಾನೂನುಗಳೂ ಬಂದವು. ಜಾತಿ ಬಿಟ್ಟವನಿಗೆ ಆಸ್ತಿಯ ಹಕ್ಕು ತಪ್ಪಬಾರದು ಅಂತ 1850ರಲ್ಲಿ ಒಂದು. ಮತ ಬದಲಾದ ಕಾರಣಕ್ಕೆ ಗಂಡನೋ ಹೆಂಡತಿಯೋ ಬಿಟ್ಟುಹೋದರೆ ಕೋರ್ಟಿನಿಂದ ಮದುವೆ ಮುರಿಸಿಕೊಳ್ಳಬಹುದು ಅಂತ 1866ರಲ್ಲಿ ಇನ್ನೊಂದು. ಒಂದು ಬೊಗಸೆ ನೀರು ದೇವರ ಮನೆಯಿಂದ ಕೋರ್ಟಿನ ತನಕ ಹರಿಯಿತು ನೋಡಿ.

ಆದರೆ ಇದು ಮೇಲು ಜಾತಿಯವನ ಕತೆ. ಅವನು ಬಿಟ್ಟಿದ್ದು ತುಂಬ, ಹಾಗಾಗಿ ನಮಗೆ ಅದೇ ದೊಡ್ಡದಾಗಿ ಕಾಣುತ್ತದೆ. ಕರಾವಳಿಯಲ್ಲಿ ದೀಕ್ಷಾಸ್ನಾನ ಪಡೆದವರಲ್ಲಿ ಹೆಚ್ಚಿನವರು ಬಿಲ್ಲವರು. ಅವರದು ಕಳ್ಳು ಇಳಿಸುವ ಕಸುಬು. ಕ್ರೈಸ್ತರಾದ ಮೇಲೆ ಅದನ್ನು ಬಿಡಬೇಕಾಯಿತು. ಒಕ್ಕಲು ಮಾಡುತ್ತಿದ್ದವರ ಗೇಣಿ ಜಮೀನಿಗೂ ಕುತ್ತು ಬಂತು. ನೀರು ಬಿದ್ದ ಮೇಲೆ ಹೊಟ್ಟೆಗೆ ಏನು? ಮಿಶನ್ನಿನವರು ನೇಯ್ಗೆ ಶುರು ಮಾಡಿದರು, ಮುದ್ರಣ, ಪುಸ್ತಕ ಕಟ್ಟುವ ಕೆಲಸ ಕಲಿಸಿದರು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅನ್ನುವವರು ನೇತ್ರಾವತಿಯ ಜೇಡಿಮಣ್ಣಿನಿಂದ ಹಂಚು ಮಾಡುವ ಕಾರ್ಖಾನೆ ಶುರು ಮಾಡಿದರು.

ಇಲ್ಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿದೆ.

ಸಣ್ಣವನಿದ್ದಾಗ ಅಡಿಕೆ ಚೀಲ ತೆಗೆಯಲು ಅಟ್ಟ ಹತ್ತಿದರೆ ಮಾಡಿನ ಹಂಚಿನ ಒಳಮೈಯಲ್ಲಿ ಇಂಗ್ಲಿಷ್ ಅಕ್ಷರ ಕಾಣುತ್ತಿತ್ತು. ಬಾಸೆಲ್ ಮಿಶನ್ ಟೈಲ್ ವರ್ಕ್ಸ್. ನಾನು ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಕಲಿತಿದ್ದೇ ಅಲ್ಲಿ! ಅಜ್ಜನನ್ನು ಕೇಳಿದರೆ, "ಅದು ಪಾದ್ರಿಗಳ ಹಂಚು ತಮಾ, ಮಂಗ್ಳೂರಿಂದ ಬಂದಿದ್ದು. ಸುಲಭಕ್ಕೆ ಒಡೀತಿಲ್ಲೆ" ಅಂದಿದ್ದ. ಅಷ್ಟೇ. ಮಡಿ ಉಟ್ಟು ದೇವರ ಪೂಜೆ ಮಾಡುವ ಅಜ್ಜನ ತಲೆ ಮೇಲೆ ಆ ಹಂಚು ಇತ್ತು. ಅದನ್ನು ತುಳಿದು, ಅಚ್ಚಿಗೆ ಹಾಕಿ, ಸುಟ್ಟ ಕೈಗಳು ಯಾರವು, ಅವರನ್ನು ಒಳಗೆ ಕರೆಯುತ್ತಿದ್ದೆವಾ ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಿಕೊಂಡಿರಲಿಲ್ಲ. ನಾನೂ ಕೂಡ.

ಮರುದಿನ ಕಾಫಿಗೆ ಹೋದಾಗ ಗೆಳೆಯನಿಗೆ ಇದನ್ನು ಹೇಳಿದೆ. "ನನ್ನ ಅಜ್ಜನ ಅಪ್ಪ ಹಂಚಿನ ಕಾರ್ಖಾನೆಯಲ್ಲೇ ಇದ್ದದ್ದು ಮಾರಾಯ" ಅಂದ, ಏನೂ ವಿಶೇಷ ಅಲ್ಲ ಅನ್ನುವ ಹಾಗೆ. "ನಿಮ್ಮ ಮನೆಯ ಹಂಚು ಅವರೇ ಮಾಡಿದ್ದೋ ಏನೋ. ಸೋರಿದರೆ ನನಗೆ ಹೇಳಬೇಡ" ಅಂತ ನಕ್ಕ :) ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಅಂದ: "ನಮ್ಮ ಹಿರಿಯರಿಗೆ ಆ ನೀರಿನಿಂದ ಸ್ವರ್ಗ ಸಿಕ್ಕಿತೋ ಗೊತ್ತಿಲ್ಲ. ಬೆಂಚಿನ ಮೇಲೆ ಕೂರಲಿಕ್ಕೆ ಸಿಕ್ಕಿತು. ಮಗಳ ತಲೆಗೆ ನೀರು ಹಾಕಿಸುವಾಗ ನನಗೆ ಅದೇ ನೆನಪಾದ್ದು."

ಮೋಗ್ಲಿಂಗ್ ಮುಂದೆ ಕೊಡಗಿಗೆ ಹೋಗಿ, ಕ್ರೈಸ್ತರಾದ ದಲಿತ ಕೂಲಿಗಳಿಗಾಗಿ ಒಂದು ಹಳ್ಳಿ ಕಟ್ಟಿದರು. ಅದಕ್ಕೆ ಇಟ್ಟ ಹೆಸರು ಆನಂದಪುರ. ಕೌಂಡಿನ್ಯನದೇ ಹೆಸರು. ಗೋತ್ರ ಬಿಡದ ಬ್ರಾಹ್ಮಣನ ಹೆಸರಿನ ಊರಲ್ಲಿ, ಅವನ ಹಳೆಯ ಮನೆಯ ಅಂಗಳಕ್ಕೂ ಬರಲಾಗದಿದ್ದವರು ಒಕ್ಕಲಾದರು. 1893ರಲ್ಲಿ ಕೌಂಡಿನ್ಯ ತೀರಿಕೊಂಡ.

ದೀಕ್ಷಾಸ್ನಾನದ ಮಹತ್ವ ಏನು ಅಂತ ಯಾರಾದರೂ ಕೇಳಿದರೆ ಪೌಲ ಹೇಳಿದ್ದನ್ನು ಹೇಳಬಹುದು. ನಂಬುವವರಿಗೆ ಅದು ನಿಜ. ಹೊರಗೆ ನಿಂತು ನೋಡಿದ ನನಗೆ ಮೂವರು ಕಾಣುತ್ತಾರೆ. ನೀರಿಗೆ ತಲೆ ಒಡ್ಡಿ ಎಲ್ಲವನ್ನೂ ಕಳೆದುಕೊಂಡ ಹದಿನೆಂಟರ ಹುಡುಗ. ಅವನ ತಲೆಗೆ ಬಿದ್ದ ನೀರಿಗೆ ತಾನೂ ನೆನೆದ, ಯಾರೂ ಏನೂ ಕೇಳದ ಒಬ್ಬ ಹೆಂಗಸು. ಮತ್ತೆ ಅದೇ ನೀರಿನಿಂದ ಮೊದಲ ಸಲ ಬೆಂಚಿನ ಮೇಲೆ ಕೂತ ಒಬ್ಬ ಹಂಚಿನ ಕೆಲಸಗಾರ. ಮೂವರಲ್ಲಿ ಒಬ್ಬರನ್ನು ಬಿಟ್ಟು ಇನ್ನೊಬ್ಬರ ಕತೆ ಹೇಳಿದರೂ ಅದು ಅರ್ಧ ಸುಳ್ಳೇ.

ಈ ಮಳೆಗಾಲಕ್ಕೆ ಮೊದಲು ಊರಲ್ಲಿ ಹಂಚು ಕೈಯಾಡಿಸಬೇಕು ಅಂತ ಅಪ್ಪಯ್ಯ ಹೇಳುತ್ತಿದ್ದ. ತಗಡು ಹಾಕಿಸುವ ಯೋಚನೆಯೂ ಇದೆಯಂತೆ. ಅಕ್ಷರ ಇರುವ ಹಂಚು ಒಂದನ್ನಾದರೂ ತೆಗೆದಿಡು ಅಂದಿದ್ದೇನೆ. ಮುಂದಿನ ಸಲ ಬರುವಾಗ ಬೆಂಗಳೂರಿಗೆ ತಂದು ಗೆಳೆಯನ ಮಗಳಿಗೆ ಕೊಡಬೇಕು.